ತಾಯಮ್ಮನ ಹಣೆ

ಇವತ್ತು ಯಾರಿಗೂ ಸೊಪ್ಪು ಹಾಕಬಾರದು ಎಂದು ಆಶಾ ಬೆಳಿಗ್ಗೆ ಹಲ್ಲುಜ್ಜುವಾಗಲೇ ತೀರ್ಮಾನಿಸಿದ್ದಳು. ಇಂಥ ತೀರ್ಮಾನಗಳೇನೂ ಅವಳಿಗೆ ಹೊಸವಲ್ಲ. ನಲವತ್ತಾರು ವರ್ಷದಲ್ಲಿ ವಾರಕ್ಕೊಂದರಂತೆ ಮಾಡಿಕೊಂಡು ಬಂದಿದ್ದಳು. ಹೆಚ್ಚಿನವು ಮೊದಲ ಎದುರುಮಾತಿಗೇ ಬಾಲ ಮುದುರಿಕೊಂಡಿದ್ದವು. ಆದರೂ ಈ ಭಾನುವಾರ ಸೀರೆಯ ನೆರಿಗೆಗಳನ್ನು ಒಂದೊಂದಾಗಿ ಹಿಡಿಯುತ್ತ, ಎದುರಿಗೆ ನಿಂತ ಯಾರಿಗೋ ಉತ್ತರ ಕೊಡುವವಳಂತೆ ತುಟಿ ಅಲ್ಲಾಡಿಸುತ್ತಿದ್ದಳು. ಹೋಂಸ್ಟೇ ನಡೆಸುವ ನವೀನ್‌ಕುಮಾರ್ ಕಳಿಸಿದ ಚೀಟಿ ಕನ್ನಡಿಯ ಮೂಲೆಯಲ್ಲಿ ಸಿಕ್ಕಿಕೊಂಡಿತ್ತು. ಅವನು ಈಚೆಗೆ ಹೊಸದೊಂದು ಶುರು ಮಾಡಿದ್ದ. ಜಲಪಾತ, ಕೋಟೆ ನೋಡಿ ಬೇಜಾರಾದ ಅತಿಥಿಗಳನ್ನು ಸಕಲೇಶಪುರದ ಕಲಾವಿದರು ಕೆಲಸ ಮಾಡುವ ಜಾಗಗಳಿಗೆ ಕಳಿಸುವುದು. ಚೀಟಿಯಲ್ಲಿ ಎರಡು ಹೆಸರಿದ್ದವು: ದೋಣಿಗಲ್‌ನಲ್ಲಿ ಕಾಫಿ ಬೊಡ್ಡೆ ಕೆತ್ತುವ ಲೋಹಿತ್, ಪೇಟೆಯಲ್ಲಿ ಭಾವಚಿತ್ರ ಬರೆಯುವ ಸೋಮಯ್ಯ. ಅವುಗಳ ಕೆಳಗೆ ಚಿಕ್ಕ ಅಕ್ಷರದಲ್ಲಿ, ದಾರಿ ತೋರಿಸುವವರು ಆಶಾ ಟೀಚರ್. ಬೆಳಗೋಡಿನ ಹೈಸ್ಕೂಲಿನಲ್ಲಿ ಇಪ್ಪತ್ತೊಂದು ವರ್ಷದಿಂದ ಡ್ರಾಯಿಂಗ್ ಕಲಿಸುವವಳು ದಾರಿ ತೋರಿಸಲಿಕ್ಕಾದರೂ ಲಾಯಕ್ಕಾದಳಲ್ಲ ಎಂದು ಅವಳು ಕನ್ನಡಿಗೆ ಹೇಳಿದಳು. ಆಗುವುದಿಲ್ಲ ಎನ್ನಬಹುದಿತ್ತು. ಎನ್ನಲಿಲ್ಲ, ಏಕೆಂದರೆ ಎರಡನೆಯ ಹೆಸರು ಸೋಮಯ್ಯನದು. ಸೋಮಯ್ಯನ ಗೋಡೆಗೆ ಒರಗಿ ಅವಳ ಅವ್ವ ತಾಯಮ್ಮ ಕೂತಿದ್ದಳು, ಬಣ್ಣದಲ್ಲಿ, ಹಣೆಯೊಂದು ಬಾಕಿಯಾಗಿ.

ಅವ್ವ ಹೋಗಿ ನಾಳೆಗೆ ವರ್ಷ. ಕೆ. ಹೊಸಕೋಟೆಯ ಮನೆಯಲ್ಲಿ ಅಣ್ಣ ಮೃತ್ಯುಂಜಯ ಪುಣ್ಯಸ್ಮರಣೆ ಇಟ್ಟುಕೊಂಡಿದ್ದ. ಮುನ್ನೂರು ಜನರಿಗೆ ಊಟ, ಮಠದಿಂದ ಅಯ್ಯನವರು, ನಡುಮನೆಯ ಗೋಡೆಯಲ್ಲಿ ಅಪ್ಪನ ಚಿತ್ರದ ಪಕ್ಕಕ್ಕೆ ಅವ್ವನ ಚಿತ್ರ. ಇವತ್ತು ಹನ್ನೆರಡು ಗಂಟೆಗೆ ಬಂದು ಒಯ್ಯುತ್ತೇನೆಂದು ಸೋಮಯ್ಯನಿಗೆ ಫೋನ್ ಮಾಡಿದವನು, ಹಣೆಗೆ ಬರೀ ವಿಭೂತಿ ಸಾಕು ಎಂದೂ ಹೇಳಿದ್ದ. ಅಪ್ಪ ತೀರಿಕೊಂಡ ಹನ್ನೊಂದು ವರ್ಷಕ್ಕೆ ಅವ್ವ ತೀರಿಕೊಂಡದ್ದು. ಗಂಡ ಇಲ್ಲದವಳ ಹಣೆಗೆ ಕುಂಕುಮ ಎಲ್ಲಿಂದ ಬರಬೇಕು, ಇದರಲ್ಲಿ ಕೇಳುವುದೇನಿದೆ? ಆದರೆ ಅವ್ವ ಕೇಳಿದ್ದಳು. ಅಣ್ಣನನ್ನಲ್ಲ, ಆಶಾಳನ್ನು. ಹಿತ್ತಿಲ ಕಟ್ಟೆಯ ಮೇಲೆ ಬೆಳ್ಳುಳ್ಳಿ ಸುಲಿಯುತ್ತ, ಯಾರದೋ ಮದುವೆಯ ಮಾತಿನ ನಡುವೆ, ಸಾರಿಗೆ ಉಪ್ಪು ಕಡಿಮೆ ಎನ್ನುವಷ್ಟು ಸಲೀಸಾಗಿ, "ನನ್ ಫೋಟ ಬರ್ಸಿದ್ರೆ ಕುಂಕುಮ ಇಡ್ಸೇ. ಬೋಳ್ ಹಣೇಲಿ ಗ್ವಾಡೆ ಮ್ಯಾಲೆ ಕೂತ್ಕೊಳಕ್ಕೆ ನಂಗಾಗಲ್ಲ" ಅಂದಿದ್ದಳು. ಆಶಾ ಏನೆಂದಳು? "ನೋಡಾಣ ಬಿಡವ್ವ." ಅವ್ವ ಬೆಳ್ಳುಳ್ಳಿ ಸಿಪ್ಪೆಯನ್ನು ಊದಿ ಬೇರೆ ಮಾತಿಗೆ ಹೋದಳು. ಆ ಊದಿದ್ದು ಸಿಪ್ಪೆಯನ್ನೋ ತನ್ನನ್ನೋ ಎಂದು ಒಂದು ವರ್ಷದಿಂದ ಆಶಾ ಯೋಚಿಸುತ್ತಿದ್ದಾಳೆ.

ಜೀಪಿನಲ್ಲಿ ಅತಿಥಿಗಳು ಆಗಲೇ ಕೂತಿದ್ದರು. ಮೈಸೂರಿನವರು, ಇಬ್ಬರೂ ಬ್ಯಾಂಕಿನಿಂದ ನಿವೃತ್ತರಾದವರು. ಹೆಂಡತಿ ಶೀಲಾ ಎಲ್ಲದಕ್ಕೂ ಮೆಚ್ಚುಗೆಯ ಸದ್ದೊಂದನ್ನು ಸಿದ್ಧವಾಗಿಟ್ಟುಕೊಂಡಿದ್ದರು. ಗಂಡ ರವಿ ಕೊರಳಿಗೆ ದೊಡ್ಡ ಕ್ಯಾಮೆರಾ ಹಾಕಿಕೊಂಡು ಮಾತಿನ ಗೊಡವೆಗೇ ಹೋಗುತ್ತಿರಲಿಲ್ಲ. ದೋಣಿಗಲ್‌ಗೆ ಇಳಿಯುವ ಹೆದ್ದಾರಿಯಲ್ಲಿ ಟ್ಯಾಂಕರುಗಳ ಸಾಲು. ಕಣದಲ್ಲಿ ಒಣಗುತ್ತಿದ್ದ ಕಾಫಿಯ ಹುಳಿವಾಸನೆಯ ಜೊತೆಗೆ ಡೀಸೆಲ್ ಹೊಗೆಯೂ ಬೆರೆತು ಮೂಗಿಗೆ ಅಡರಿತು. "ನೀವೂ ಚಿತ್ರ ಬರೀತೀರಾ ಮೇಡಂ?" ಎಂದು ಶೀಲಾ ಕೇಳಿದರು. "ಮಕ್ಕಳಿಗೆ ಹೇಳ್ಕೊಡ್ತೀನಿ ಅಷ್ಟೆ" ಎಂದಳು ಆಶಾ. ಅಷ್ಟೆ ಎಂಬ ಮಾತು ಬಾಯಿಂದ ಬಿದ್ದ ಕೂಡಲೇ ಅದನ್ನು ಹೆಕ್ಕಿ ಹಿಂದಕ್ಕೆ ಹಾಕಿಕೊಳ್ಳಬೇಕೆನ್ನಿಸಿತು. ಟ್ರಂಕಿನಲ್ಲಿ ನಲವತ್ತು ಚಿತ್ರಗಳಿವೆ, ಒಂದರ ಮೂಲೆಯಲ್ಲೂ ಹೆಸರಿಲ್ಲ. ಯಾರು ಬೇಡವೆಂದರು? ಯಾರೂ ಅನ್ನಲಿಲ್ಲ. ಯಾರೂ ಬೇಡ ಎನ್ನುವ ಮೊದಲೇ ಸುಮ್ಮನಾಗುವ ವಿದ್ಯೆಯನ್ನು ಅವಳು ತಾನಾಗಿಯೇ ಕಲಿತಿದ್ದಳು.

ಲೋಹಿತನ ಕೆಲಸದ ಜಾಗವೆಂದರೆ ರಸ್ತೆ ಪಕ್ಕದ ತಗಡಿನ ಶೆಡ್ಡು. ಕಿತ್ತ ಹಳೆ ಕಾಫಿ ಗಿಡಗಳ ಬೊಡ್ಡೆಗಳು ಬೇರು ಸಮೇತ ಗುಡ್ಡೆಬಿದ್ದಿದ್ದವು. ಕೆಲವು ಜಿಂಕೆಯಾಗಿದ್ದವು, ಕೆಲವು ಹದ್ದಾಗಿದ್ದವು. ಅವನು ಉಳಿಯನ್ನು ಕೆಳಗಿಟ್ಟು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಬಂದ. "ಇವ್ರೇ ಸಾರ್ ನಮ್ ಟೀಚರ್ರು. ನಾನು ಬೆಂಚ್ ಕೆತ್ತಿದ್ದಕ್ಕೆ ಕಿವಿ ಹಿಂಡಿ ಹೆಡ್ ಮಾಷ್ಟ್ರ ಹತ್ರ ಎಳ್ಕೊಂಡ್ ಹೋಗಿದ್ರು" ಎಂದು ಅತಿಥಿಗಳಿಗೆ ಹೇಳಿ ನಕ್ಕ. ನಗುವಿನಲ್ಲಿ ಸಿಟ್ಟಿರಲಿಲ್ಲ, ಅದೇ ಆಶಾಳಿಗೆ ಹೆಚ್ಚು ಚುಚ್ಚಿತು. ಬೆಂಚಿನ ಮೇಲೆ ಅವನು ಕೆತ್ತಿದ್ದು ನಾಯಿಯೊಂದನ್ನು, ಮಲಗಿ ಒಂದೇ ಕಣ್ಣು ತೆರೆದ ನಾಯಿ. ಎಷ್ಟು ಚೆನ್ನಾಗಿತ್ತೆಂದು ಅವಳಿಗೆ ಆವತ್ತೇ ಗೊತ್ತಿತ್ತು. ಗೊತ್ತಿದ್ದೂ ಕಿವಿ ಹಿಂಡಿದ್ದಳು, ಇನ್‌ಸ್ಪೆಕ್ಷನ್ ಹತ್ತಿರದಲ್ಲಿತ್ತು ಎಂಬ ಒಂದೇ ಕಾರಣಕ್ಕೆ. ಈಗ ಶೀಲಾ ಒಂದು ಬೊಡ್ಡೆಯ ಮುಂದೆ ನಿಂತಿದ್ದರು. ಬೆನ್ನು ಬಾಗಿದ ಹೆಂಗಸು, ತಲೆಯ ಮೇಲೆ ಕಾಫಿ ಮೂಟೆ, ಮುಖ ಇನ್ನೂ ಒರಟೊರಟು. "ಮುಖ ಒಂಚೂರು ನಯ ಮಾಡಿಕೊಟ್ಟರೆ ಇದನ್ನ ನಾವೇ ತಗೋತೀವಿ" ಎಂದರು. ಲೋಹಿತ್ ತಲೆ ಕೆರೆದುಕೊಂಡ. "ಅದು ನಮ್ಮಮ್ಮ ಮೇಡಂ. ಎಸ್ಟೇಟಿನ ಲೈನ್ ಮನೇಲಿ ಕೂಲಿಗಿದ್ದಾಗಿಂದ ಹಂಗೇ ಅವ್ಳೆ. ನಯ ಮಾಡಿದ್ರೆ ಬೇರೆ ಯಾರೋ ಆಗೋಯ್ತಳೆ. ಹದ್ದು ಬೇಕಾದ್ರೆ ತಗಳಿ" ಎಂದ. ಮಾತಿನಲ್ಲಿ ಬಿಗುಮಾನವಿರಲಿಲ್ಲ, ಅಂಗಡಿಯವನು ಅಕ್ಕಿ ಇದೆ ಸಕ್ಕರೆ ಇಲ್ಲ ಎಂದು ಹೇಳಿದ ಹಾಗಿತ್ತು. ಶೀಲಾ ಹದ್ದನ್ನೇ ತೆಗೆದುಕೊಂಡರು.

ತಾನು ಕಿವಿ ಹಿಂಡಿದ ಹುಡುಗ ಇಷ್ಟು ಸುಲಭವಾಗಿ ಆಗುವುದಿಲ್ಲ ಎನ್ನಬಲ್ಲ, ತನ್ನ ನಾಲಿಗೆಗೆ ಮಾತ್ರ ಏನು ಬಡಿದಿದೆ ಎಂದು ಆಶಾ ವಾಪಸು ಬರುವ ದಾರಿಯುದ್ದಕ್ಕೂ ಹಲ್ಲು ಕಚ್ಚಿದಳು. ತಿಂಗಳ ಹಿಂದೆ ಹೊಸಕೋಟೆಯ ಜಗಲಿಯಲ್ಲಿ ಅಣ್ಣನೆದುರು ಬಾಯಿ ಬಿಟ್ಟಿದ್ದಳಲ್ಲ. "ಅಣ್ಣ, ಅವ್ವ ಕುಂಕುಮ ಇಡ್ಸು ಅಂದಿದ್ಲು." ಮೃತ್ಯುಂಜಯ ಪೇಪರಿನಿಂದ ತಲೆಯೆತ್ತಿ, ಗದರಲೂ ಇಲ್ಲ, "ಅವ್ವ ಏನೇನೋ ಅಂತಿದ್ಲು ಕಣವ್ವ. ಊರೋರ್ ಮುಂದೆ ತಲೆ ಎತ್ಕೊಂಡ್ ತಿರುಗೋನು ನಾನು" ಎಂದಿದ್ದ. ಅಷ್ಟರಲ್ಲಿ ಅತ್ತಿಗೆ ಕಾಫಿ ತಂದಳು. ಆಶಾ ಆ ಕಾಫಿಯನ್ನು ಕುಡಿದಳು, ಬೆಲ್ಲ ಚೆನ್ನಾಗಿದೆ ಎಂದೂ ಹೇಳಿದಳು. ಅಯ್ಯನವರು ನೇಗಿಲ ಗೆರೆಯಂಥ ವಿಭೂತಿ ಇಟ್ಟುಕೊಂಡು ಗಂಡು ಹೆಣ್ಣಿನಲ್ಲಿ ಭೇದವಿಲ್ಲ, ಸೂತಕವಿಲ್ಲ ಎಂದು ಪ್ರತಿ ವರ್ಷ ಬಂದು ಪ್ರವಚನ ಹೇಳುವ ಮನೆ ಅದು. ಕೇಳುವಾಗ ಎಲ್ಲರೂ ತಲೆದೂಗುತ್ತಾರೆ, ಗಂಡ ಸತ್ತವಳನ್ನು ಹಿಂದಿನ ಸಾಲಿಗೆ ಕೂರಿಸಿಯೇ ತಲೆದೂಗುತ್ತಾರೆ. ಇಷ್ಟೆಲ್ಲ ವಾದ ಅವಳ ತಲೆಯಲ್ಲಿ ಯಾವಾಗಲೂ ಬಸ್ಸು ಹೊರಟ ಮೇಲೆಯೇ ಹುಟ್ಟುತ್ತಿತ್ತು. ಹೇಮಾವತಿಯ ಸೇತುವೆ ದಾಟುವಾಗ ಶೀಲಾ ಏನೋ ಕೇಳಿದರು; ಆಶಾ ಹೌದು ಎಂದಳು, ಯಾವುದಕ್ಕೆಂದು ಗೊತ್ತಿಲ್ಲದೆ.

ಪೇಟೆಯ ಹಳೆಯ ಬೀದಿಯಲ್ಲಿ, ಮುಚ್ಚಿದ ಫೋಟೊ ಸ್ಟುಡಿಯೊ ಒಂದರ ಮಹಡಿಯ ಮೇಲೆ ಸೋಮಯ್ಯನ ಕೋಣೆ. ಎಪ್ಪತ್ತು ದಾಟಿದ ಮನುಷ್ಯ; ಐವತ್ತು ವರ್ಷದಿಂದ ಸತ್ತವರನ್ನು ಬರೆಯುವುದೇ ಅವನ ಕಸುಬು. ರೇಷನ್ ಕಾರ್ಡಿನ ಫೋಟೊ, ಆಧಾರ್ ಕಾರ್ಡಿನ ಫೋಟೊ, ಮದುವೆಯ ಗುಂಪಿನಲ್ಲಿ ಅರ್ಧ ಕಂಡ ಕೆನ್ನೆ, ಯಾವುದನ್ನು ಕೊಟ್ಟರೂ ಅದರಿಂದ ಎರಡಡಿ ಅಗಲ ಮೂರಡಿ ಎತ್ತರದ ಮನುಷ್ಯರನ್ನು ಎಬ್ಬಿಸುತ್ತಿದ್ದ. ಗೋಡೆಯುದ್ದಕ್ಕೂ ಒರಗಿಸಿದ್ದ ಮುಖಗಳೆಲ್ಲ ಒಟ್ಟಿಗೆ ತಿರುಗಿ ನೋಡಿದಂತಾಗಿ ಶೀಲಾ ಬಾಗಿಲಲ್ಲೇ ನಿಂತರು. ನಾಲ್ಕೈದು ಮುಖಗಳಿಗೆ ಹಣೆಯ ಮೇಲೆ ಏನೂ ಇರಲಿಲ್ಲ. "ಇವುಗಳ ಹಣೆ ಯಾಕೆ ಖಾಲಿ?" ಎಂದು ಕೇಳಿದರು.

"ಹಣೆ ನಾನ್ ಕೊನೇಗೆ ಮಾಡದು ತಾಯಿ, ಅದೂ ಮನೆಯೋರ್ ಹೇಳಿದ್ ಮೇಲೆ" ಎಂದ ಸೋಮಯ್ಯ. "ಹಿಂದೊಂದ್ಸಲ ಕೆಟ್ಟಿದ್ದೆ. ಹಳೇ ಫೋಟ ಕೊಟ್ರು, ಅದ್ರಲ್ಲಿ ಕುಂಕುಮ ಇತ್ತು, ನಾನೂ ಇಟ್ಬುಟ್ಟೆ. ಆ ತಾಯಿಗೆ ಗಂಡ ಹೋಗಿ ಇಪ್ಪತ್ತು ವರ್ಷ ಆಗಿತ್ತಂತೆ, ನಂಗೇನ್ ಗೊತ್ತು? ಪೂಜೆ ದಿನ ಬಟ್ಟೆ ತೆಗ್ದು ನೋಡಿ, ಅವತ್ತೇ ಹೊತ್ಕೊಂಡ್ ವಾಪಸ್ ಬಂದ್ರು. ಒಣಗೋಗಿತ್ತು, ಎಷ್ಟು ಕೆರದ್ರೂ ಕೆಂಪು ಪೂರ್ತಿ ಹೋಗ್ಲಿಲ್ಲ." ಮುಗಿದ ಚಿತ್ರವನ್ನು ಮನೆಯವರು ಬಿಳಿ ಬಟ್ಟೆಯಲ್ಲಿ ಮುಖ ಮುಚ್ಚಿ ಒಯ್ಯಬೇಕು, ಪೂಜೆಯ ಹೊತ್ತಿಗೆ ಹಿರಿಯ ಮಗನೇ ಬಟ್ಟೆ ತೆಗೆಯಬೇಕು, ದಾರಿಯಲ್ಲಿ ಯಾರೂ ನೋಡಬಾರದು ಎಂದೂ ವಿವರಿಸಿದ. ರವಿ ಬಾಗಿಲಿನಿಂದಲೇ ಫೋಟೊ ತೆಗೆಯಲಾರಂಭಿಸಿದರು. ಆಶಾ ಅವರನ್ನು ದಾಟಿ ಕಿಟಕಿಯ ಪಕ್ಕಕ್ಕೆ ಹೋದಳು.

ಅವ್ವ ಅಲ್ಲಿದ್ದಳು. ಆಶಾಳಿಗೆ ಕೆಲಸ ಸಿಕ್ಕಿದ ವರ್ಷ ಹಾಸನದಲ್ಲಿ ತೆಗೆಸಿದ ಫೋಟೊ ನೋಡಿ ಬರೆದದ್ದು. ಮೃತ್ಯುಂಜಯನಿಗೆ ಕೊಡಲು ಬೇರೆ ಒಳ್ಳೆಯದಿರಲಿಲ್ಲ. ಆ ಫೋಟೊದಲ್ಲಿ ಅವ್ವನಿಗೆ ಐವತ್ತು ದಾಟಿರಲಿಲ್ಲ, ನಗು ತಡೆದುಕೊಂಡ ತುಟಿ, ಹಣೆಯಲ್ಲಿ ರೂಪಾಯಿಯಗಲ ಕುಂಕುಮ. ಸೋಮಯ್ಯ ತುಟಿಯನ್ನು ಇದ್ದ ಹಾಗೆಯೇ ತಂದಿದ್ದ. ಹಣೆಯ ಮೇಲೆ ವಿಭೂತಿಯ ಮೂರು ಗೆರೆಗಳು ಒಣಗಿ ಬೆಳ್ಳಗಿದ್ದವು, ಅವುಗಳ ಕೆಳಗೆ ಹುಬ್ಬಿನ ನಡುವೆ ಬರೀ ಚರ್ಮದ ಬಣ್ಣ. ನಗುತ್ತಿದ್ದ ವಯಸ್ಸಿನ ಮುಖಕ್ಕೆ ನಗುವುದನ್ನು ಬಿಟ್ಟ ವಯಸ್ಸಿನ ಹಣೆಯನ್ನು ತಂದು ಕೂಡಿಸಿದ ಹಾಗೆ ಕಾಣುತ್ತಿತ್ತು. ಇವಳು ಯಾವ ಅವ್ವ? ಇಂಥವಳೊಬ್ಬಳು ಯಾವತ್ತೂ ಇರಲಿಲ್ಲ.

"ಮುಗೀತು ಟೀಚ್ರಮ್ಮ. ನಿಮ್ಮಣ್ಣ ಬಂದ್ರೆ ತಗೊಂಡ್ ಹೋಗದೇ" ಎಂದ ಸೋಮಯ್ಯ.

"ಕುಂಕುಮ ಇಡಿ ಸೋಮಯ್ನೋರೆ."

ಸೋಮಯ್ಯ ಕನ್ನಡಕ ತೆಗೆದ. "ನಿಮ್ಮಣ್ಣ ಬ್ಯಾಡ ಅಂದವ್ರೆ. ಮನೆಯೋರ್ ಹೇಳಿದ್ದೇ ನಂಗೆ."

"ನಾನ್ಯಾರು ಹಂಗಾರೆ?"

ಸೋಮಯ್ಯ ಹಲಗೆಯ ಮೇಲಿದ್ದ ಕೆಂಪು ಬಣ್ಣದ ಟ್ಯೂಬನ್ನು ಆಚೆಗೂ ಸರಿಸದೆ ಈಚೆಗೂ ಸರಿಸದೆ ನೋಡುತ್ತ ನಿಂತ. ಆಶಾ ಟ್ಯೂಬು ತೆಗೆದುಕೊಂಡಳು. ಮುಚ್ಚಳ ಬಿಗಿಯಾಗಿತ್ತು, ಹಲ್ಲಿನಿಂದ ಕಚ್ಚಿ ತಿರುಗಿಸಿದಳು. ಅಪ್ಪ ತೀರಿಕೊಂಡ ದಿನ ಹೆಣವನ್ನು ನಡುಮನೆಯಲ್ಲಿ ಕೂರಿಸಿದ್ದರು, ಹೂವಿನ ಹಾರ, ಊದುಬತ್ತಿ. ಅವ್ವನನ್ನು ಹೆಂಗಸರು ತೋಳು ಹಿಡಿದು ತಂದು ಎದುರಿಗೆ ಕೂರಿಸಿದರು. ಯಾರೋ ಒಬ್ಬರು, ಕುಂಕುಮ ಒರ್ಸಕ್ಕೆ ಒಂದ್ ಒದ್ದೆ ಬಟ್ಟೆ ತನ್ರೇ ಅಂದರು. ಯಾರೂ ಕದಲಲಿಲ್ಲ, ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆ ಬಟ್ಟೆ ತರುವವಳು ತಾನಾಗದಿರಲಿ ಎಂದು ಎಲ್ಲರೂ ಬೇಡಿಕೊಳ್ಳುತ್ತಿದ್ದ ಗಳಿಗೆ ಅದು. ಎದ್ದವಳು ಆಶಾ. ಹೇಳಿದ ಕೆಲಸವನ್ನು ಹೇಳಿದ ಕೂಡಲೇ ಮಾಡುವವಳು, ಓದಿದವಳು, ಟೀಚರು. ಬಚ್ಚಲಿಗೆ ಹೋಗಿ ಒಗೆದ ಟವೆಲನ್ನೇ ಆರಿಸಿ, ನೆನೆಸಿ, ಅವ್ವನ ಸೀರೆಯ ಮೇಲೆ ನೀರು ತೊಟ್ಟಿಕ್ಕದಿರಲಿ ಎಂದು ಚೆನ್ನಾಗಿ ಹಿಂಡಿ ತಂದಿದ್ದಳು. ಅವ್ವ ಆ ಟವೆಲನ್ನು ನೋಡಲಿಲ್ಲ, ತಂದವಳನ್ನು ನೋಡಿದಳು. ಅಂಥವಳನ್ನೇ ಹಿತ್ತಿಲ ಕಟ್ಟೆಯಲ್ಲಿ ಕೂತು ಕುಂಕುಮ ಕೇಳಬೇಕಾದರೆ ಅವ್ವನಿಗೆ ಬೇರೆ ಯಾರೂ ಇರಲಿಲ್ಲ ಎಂದೇ ಅರ್ಥ. ಆಶಾಳಿಗೆ ಅಳು ಬರಲಿಲ್ಲ. ತನ್ನ ಮೇಲೆಯೇ ರೋಷ ಬಂತು, ಮೈ ಬಿಸಿಯಾಗುವಷ್ಟು. ಕುಂಚವನ್ನು ಬಣ್ಣಕ್ಕೆ ಒತ್ತಿದಳು. ಪಕ್ಕಕ್ಕೆ ಬಂದು ರವಿ ಕ್ಯಾಮೆರಾ ಎತ್ತಿದವರು, ಸಂಕೋಚವಾಗಿ ಕೆಳಗಿಳಿಸಿದರು. "ತೆಗೀರಿ ಸಾರ್" ಎಂದಳು ಆಶಾ ಹಿಂತಿರುಗಿ ನೋಡದೆ, "ನನ್ ಮುಖವೂ ಬರೋ ಹಂಗೆ ತೆಗೀರಿ." ಹುಬ್ಬಿನ ನಡುವೆ ಕುಂಚ ಊರಿ ನಿಧಾನವಾಗಿ ಸುತ್ತಿದಳು. ರೂಪಾಯಿಯಗಲ ಬಂತು, ಇನ್ನೂ ಒಂದು ಸುತ್ತು ದೊಡ್ಡದು ಮಾಡಿದಳು.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಮೃತ್ಯುಂಜಯ ಹೊಸ ಬಿಳಿ ಪಂಚೆಯೊಂದನ್ನು ಕಂಕುಳಲ್ಲಿಟ್ಟುಕೊಂಡು ಏದುಸಿರು ಬಿಡುತ್ತ ಒಳಗೆ ಬಂದ. ಪರವೂರಿನವರನ್ನು ಕಂಡು ನಮಸ್ಕಾರ ಮಾಡಿದ. ಆಮೇಲೆ ಅವ್ವನನ್ನು ಕಂಡ.

"ಏನೇ ಇದು?"

"ಕುಂಕುಮ."

"ಅದ್ ಕಾಣ್ತೈತೆ. ಯಾರ್ ಇಟ್ಟಿದ್ದು ಅಂದೆ."

"ನಾನು."

ಅಣ್ಣ ಕೆಟ್ಟವನಲ್ಲ. ಅವ್ವನನ್ನು ಕೊನೆಯ ಆರು ತಿಂಗಳು ಎತ್ತಿ ಕೂರಿಸಿದವನು, ಕೈಯಾರೆ ಉಣ್ಣಿಸಿದವನು. ಅದೆಲ್ಲ ನೆನಪಾಗಿ ಆಶಾ ಎಂದಿನಂತೆ ಮೆತ್ತಗಾಗಲು ಹೊರಟಳು, ಹೊರಟಿದ್ದು ತನಗೇ ಗೊತ್ತಾಗಿ ಕಾಲನ್ನು ನೆಲಕ್ಕೆ ಒತ್ತಿ ನಿಂತಳು.

"ನಾಳೆ ಮುನ್ನೂರ್ ಜನ ಬರ್ತರೆ, ಅಯ್ನೋರ್ ಬರ್ತರೆ. ಏನಂತ ಹೇಳ್ಲಿ ನಾನು?"

"ಅವ್ವ ಕೇಳಿದ್ಲು ಅಂತ ಹೇಳು."

"ನನ್ನನ್ ಕೇಳ್ಲಿಲ್ಲ."

"ನೀನು ಇಡ್ಸಲ್ಲ ಅಂತ ಗೊತ್ತಿತ್ತು, ಅದುಕ್ಕೇ ಕೇಳ್ಲಿಲ್ಲ. ನನ್ ಯೋಗ್ತೆ ಗೊತ್ತಿರ್ಲಿಲ್ಲ ಪಾಪ, ನನ್ನನ್ ಕೇಳಿದ್ಲು."

ಮೃತ್ಯುಂಜಯ ಸೋಮಯ್ಯನ ಕಡೆಗೆ ತಿರುಗಿದ. "ಒರ್ಸಿ ಸೋಮಯ್ನೋರೆ."

"ಹಸಿ ಐತೆ, ಒಂದ್ಸಲ ಒರೆಸಿದ್ರೆ ಹೊಂಟೋಯ್ತದೆ" ಎಂದ ಸೋಮಯ್ಯ. "ಆದ್ರೆ ಇಟ್ಟೋನು ನಾನಲ್ಲ. ಬಟ್ಟೆ ಅಲ್ಲೈತೆ, ಟರ್ಪೆಂಟೈನ್ ಪಕ್ಕದಲ್ಲೇ ಐತೆ."

ಮೃತ್ಯುಂಜಯ ತಂಗಿಯನ್ನು ನೋಡಿದ. ಬಟ್ಟೆ ತಂದುಕೊಡು ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ, ಹೇಳಿದಂತೆಯೇ ಇತ್ತು ನೋಟ. ಮನೆಯಲ್ಲಿ ಅವನಿಗೆ ಬೇಕಾದದ್ದು ಯಾವಾಗಲೂ ಹಾಗೆಯೇ ಕೈಗೆ ಬರುತ್ತಿತ್ತು. ಆಶಾ ಕದಲಲಿಲ್ಲ. "ನಾನ್ ತರಲ್ಲ" ಎಂದಳು. "ಅವತ್ತು ತಂದಿದ್ದೆ. ಇವತ್ತು ಬೇಕಾದ್ರೆ ನೀನೇ ತಗೊಂಡು ನೀನೇ ಒರ್ಸು." ಅವನು ಹೋಗಿ ಬಟ್ಟೆ ತೆಗೆದುಕೊಂಡ, ಬಾಟಲಿ ಬಗ್ಗಿಸಿ ನೆನೆಸಿದ, ಅವ್ವನ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಕೋಣೆಯ ತುಂಬ ಎಣ್ಣೆಯ ವಾಸನೆ ಎದ್ದಿತು. ಶೀಲಾ ಸೆರಗನ್ನು ಮೂಗಿಗೆ ಹಿಡಿದುಕೊಂಡರು. ಅವನ ಕೈ ಹಣೆಯವರೆಗೆ ಹೋಯಿತು, ನಿಂತಿತು. ಅವ್ವ ನಗು ತಡೆದುಕೊಂಡು ಅವನನ್ನೇ ನೋಡುತ್ತಿದ್ದಳು. ಬಟ್ಟೆಯಿಂದ ಎರಡು ಹನಿ ಅವನ ಮೊಣಕಾಲ ಮೇಲೆ ಬಿದ್ದವು. ಕೆಳಗೆ ಬೀದಿಯಲ್ಲಿ ಗ್ಯಾಸ್ ಸಿಲಿಂಡರ್ ಇಳಿಸುವ ಸದ್ದು ಶುರುವಾಗಿ ಮುಗಿಯಿತು. "ನನ್ ಕೈಲಾಗಲ್ಲ ಮಾರಾಯ್ತಿ" ಎಂದು ಬಟ್ಟೆಯನ್ನು ಕೆಳಗಿಟ್ಟ.

ಆಮೇಲೆ ಎದ್ದು, ಆಗಬೇಕಾದ ಕೆಲಸ ಮುಗಿಸುವವನಂತೆ, ಚಿತ್ರ ಮುಚ್ಚಲು ತಂದ ಪಂಚೆ ಬಿಡಿಸಿದ. ಸೋಮಯ್ಯ ತಡೆದ. "ಮುಚ್ಚಂಗಿಲ್ಲ. ಮೂರ್ ದಿನ ಬಟ್ಟೆ ತಾಗಂಗಿಲ್ಲ, ಮುಖ ಎಲ್ಲ ಕೆಂಪಾಗ್ಬುಡ್ತದೆ. ಗಾಳಿಗ್ ಎದ್ರಾಗಿ ಹಿಡೀಬ್ಯಾಡಿ, ಧೂಳ್ ಕೂರ್ತದೆ. ನಿಮ್ ಪಿಕಪ್ ಹಿಂದ್ಗಡೆ ಮುಖ ಹಿಂದಕ್ ಮಾಡಿ ನಿಲ್ಸಿ, ಒಬ್ರು ಹಿಡ್ಕೊಂಡ್ ಕೂತ್ಕಳಿ." ಪೇಟೆಯ ನಡುವೆ ಹಾದು, ಆಲೂರು ದಾಟಿ, ಹೊಸಕೋಟೆಯವರೆಗೂ ತೆರೆದ ಮುಖದಲ್ಲಿ. ಮೃತ್ಯುಂಜಯ ಪಂಚೆಯನ್ನು ಮತ್ತೆ ಮಡಿಸಿದ. ಮೆಟ್ಟಿಲಿಳಿಯುವಾಗ ಚೌಕಟ್ಟಿನ ಆ ತುದಿ ಹಿಡಿದವನು ದನಿ ತಗ್ಗಿಸಿ, "ಯಾರಾದ್ರೂ ಕೇಳಿದ್ರೆ ಹಳೇ ಫೋಟ ನೋಡಿ ಪೇಂಟರ್ ತಪ್ಪು ಮಾಡ್ಬುಟ್ಟ ಅನ್ನಾಣ. ನೀನ್ ಸುಮ್ನಿರು, ಅಷ್ಟ್ ಸಾಕು" ಎಂದ. ಈ ತುದಿಯಲ್ಲಿ ಆಶಾ ಮುಂದಿನ ಮೆಟ್ಟಿಲಿಗೆ ಕಾಲಿಟ್ಟಳು. ಸುಮ್ಮನಿರುವುದರಲ್ಲಿ ಅವಳನ್ನು ಮೀರಿಸುವವರಿಲ್ಲ ಎಂದು ಅವನಿಗೆ ಗೊತ್ತಿತ್ತು. ಜೀಪಿನ ಹತ್ತಿರ ನಿಂತ ಶೀಲಾ ಅವಳ ಮುಂಗೈ ಹಿಡಿದರು. "ಜೀಪು ನಿಮ್ಮನ್ನ ಬಿಡುತ್ತೆ ಮೇಡಂ, ನಾನ್ ಬರಲ್ಲ. ನವೀನ್‌ಕುಮಾರ್‌ಗೆ ಹೇಳಿ, ಮುಂದಿನ ಸಲ ನನ್ನ ಮನೆಗೂ ಜನಾನ ಕಳಿಸ್ಲಿ" ಎಂದು ಆಶಾ ಪಿಕಪ್ಪಿನ ಹಿಂದಕ್ಕೆ ಹತ್ತಿದಳು.

ಬಸ್ ಸ್ಟ್ಯಾಂಡಿನ ಮುಂದೆ ಗಾಡಿಗಳು ಕಟ್ಟಿಕೊಂಡಿದ್ದವು. ಬೆಳಗೋಡಿನ ಬಸ್ಸೊಂದು ಪಿಕಪ್ಪಿನ ಪಕ್ಕಕ್ಕೇ ಬಂದು ನಿಂತಿತು. ಹಿಂದೆ ಎರಡು ಆಟೋ, ಒಂದು ಬೈಕು; ಎಲ್ಲರೂ ಅವ್ವನನ್ನು ನೋಡುತ್ತಿದ್ದರು, ನೋಡಿ ಬೇರೆ ಕಡೆಗೆ ತಿರುಗಿ ಮತ್ತೆ ನೋಡುತ್ತಿದ್ದರು. ಬಿಸಿಲಿನಲ್ಲಿ ಹಸಿ ಕೆಂಪು ಹೊಳೆಯುತ್ತಿತ್ತು. ಚೌಕಟ್ಟನ್ನು ಹಿಡಿದ ಆಶಾಳ ಬೆರಳು ಮರಗಟ್ಟಿದ್ದವು, ಆದರೂ ಅವಳು ಮುಖ ತಗ್ಗಿಸಲಿಲ್ಲ. ರಸ್ತೆ ಬದಿಯಲ್ಲಿ ಸೊಪ್ಪಿನ ಕಟ್ಟುಗಳಿಗೆ ನೀರು ಚಿಮುಕಿಸುತ್ತಿದ್ದ ಹೆಂಗಸೊಬ್ಬಳು ಎದ್ದು ಹತ್ತಿರ ಬಂದಳು. ವಯಸ್ಸಾದವಳು, ಅವಳ ಹಣೆ ಬೋಳು.

"ಯಾರವ್ವ ಇವ್ರು?"

"ನಮ್ಮವ್ವ. ನಾಳೆಗೆ ವರ್ಷ."

"ಮುತ್ತೈದೆಯಾಗೇ ಹೋದ್ರಾ? ಪುಣ್ಯವಂತ್ರು ಬುಡವ್ವ" ಎಂದು ಅವಳು ಚಿತ್ರಕ್ಕೆ ಕೈ ಮುಗಿದಳು.

ಮುಂದಿನ ಕ್ಯಾಬಿನ್ನಿನ ಗಾಜು ಇಳಿದಿತ್ತು. ಪಕ್ಕದ ಕನ್ನಡಿಯಲ್ಲಿ ಅಣ್ಣನ ಕಣ್ಣು ಕಂಡವು. ಹೂಂ ಅನ್ನು ಎಂದು ಅವು ಕೇಳಿಕೊಳ್ಳುತ್ತಿದ್ದವು. ಹೂಂ ಎಂದರೆ ಮುಗಿಯುತ್ತಿತ್ತು, ಯಾರಿಗೂ ನಷ್ಟವಿರಲಿಲ್ಲ, ಆ ಹೆಂಗಸೂ ಸಂತೋಷವಾಗಿ ಸೊಪ್ಪಿನ ಕಡೆಗೆ ಹೋಗುತ್ತಿದ್ದಳು.

"ಇಲ್ಲವ್ವ. ನಮ್ಮಪ್ಪ ಹೋಗಿ ಹನ್ನೊಂದ್ ವರ್ಷ ಆದ್ಮೇಲೆ ಹೋದ್ಲು. ಕುಂಕುಮ ಬೇಕು ಅಂದಿದ್ಲು. ನಾನೇ ಇಟ್ಟೆ."

ಹೆಂಗಸು ಮುಗಿದ ಕೈಯನ್ನು ಇಳಿಸಲಿಲ್ಲ. ಮುಂದೆ ಮೃತ್ಯುಂಜಯ ಗಾಜು ಏರಿಸಿದ. ಬಸ್ಸಿನ ಕಿಟಕಿಯಿಂದ ಯಾರೋ ಕತ್ತು ಚಾಚಿ ಏನಂತೆ, ಏನಂತೆ ಎಂದು ಕೇಳುತ್ತಿದ್ದರು. ಆಶಾ ಆ ಕಡೆಗೆ ತಿರುಗಿ, ಏರಿಸಿದ ಗಾಜಿನ ಒಳಗೂ ಕೇಳುವಷ್ಟು ದನಿ ಎತ್ತಿ, ಅದನ್ನೇ ಇನ್ನೊಂದು ಸಲ ಹೇಳಿದಳು.